ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ

ಸರಕಾರಿ ಆಸ್ಪತ್ರೆಯ ನಿವೃತ್ತ ಡ್ರೆಸ್ಸರ್ ಒಬ್ಬರು ತೀರಿಕೊಂಡ ಸುದ್ದಿಯನ್ನು ಕಳೆದ ತಿಂಗಳು ಪತ್ರಿಕೆಗೆ ಕಳಿಸಿದೆ. ಹೆಸರು, ವಯಸ್ಸು, ಊರು, ಅಂತ್ಯಕ್ರಿಯೆಯ ಹೊತ್ತು. ಅರ್ಧ ಗಂಟೆಯೊಳಗೆ ಡೆಸ್ಕಿನಿಂದ ಫೋನ್ ಬಂತು. "ಸಾರ್, ಇವ್ರು ಮಾಡಿದ್ದೇನು ಅಂತ ಒಂದು ಸಾಲು ಕೊಡಿ. ಬರೀ ಡ್ರೆಸ್ಸರ್ ಅಂದ್ರೆ ಓದೋರಿಗೆ ಏನು ಗೊತ್ತಾಗುತ್ತೆ?" ಕೇಳಿದ್ದು ನ್ಯಾಯವೇ. ಬಹಳ ವರ್ಷಗಳಿಂದ ಈ ಕಡೆಯ ಸುದ್ದಿ ಬರೆಯುತ್ತಿರುವವನಿಗೆ ಒಂದು ಸಾಲು ದೊಡ್ಡದಲ್ಲ. ಆದರೆ ಬರೆದ ಪ್ರತಿ ಸಾಲೂ ಅರ್ಧ ನಿಜವಾಗಿ ನಿಲ್ಲುತ್ತಿತ್ತು. ಹೊಡೆದು ಹಾಕಿದೆ. ಸುದ್ದಿ ಆ ಸಾಲಿಲ್ಲದೆಯೇ ಅಚ್ಚಾಯಿತು.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ. ಆಸ್ಪತ್ರೆಯ ಹೆಸರೂ ಎಸ್ಟೇಟಿನ ಹೆಸರೂ ಇಲ್ಲಿಲ್ಲ. ಮೂಡಿಗೆರೆಗೂ ಕಳಸಕ್ಕೂ ನಡುವೆ ಎಲ್ಲೋ ಎಂದುಕೊಂಡರೆ ಸಾಕು.

ಡ್ರೆಸ್ಸರ್ ಎಂದರೆ ಗಾಯ ತೊಳೆದು, ಮದ್ದು ಹಚ್ಚಿ, ಬಟ್ಟೆ ಕಟ್ಟುವವರು. ಅವರು ಕುಳ್ಳಗಿದ್ದರು, ಮಾತಾಡುವಾಗ ಎದುರಿನವರ ಮುಖ ನೋಡುತ್ತಿರಲಿಲ್ಲ, ಚರ್ಮ ನೋಡುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ ನಮಸ್ಕಾರ ಹೇಳಿದರೂ ಅವರ ಕಣ್ಣು ನಮ್ಮ ಮುಂಗೈ ಮೇಲೆ ಇರುತ್ತಿತ್ತು. ಬಿಳಿ ತುಂಬುತೋಳಿನ ಅಂಗಿ. ಬಲತೋಳನ್ನು ಮೊಣಕೈ ಮೇಲಕ್ಕೆ ಮಡಚಿರುತ್ತಿದ್ದರು. ಎಡತೋಳನ್ನು ಬೇಸಿಗೆಯಲ್ಲೂ ಮಣಿಕಟ್ಟಿನ ತನಕ ಇಳಿಸಿ ಗುಂಡಿ ಹಾಕಿರುತ್ತಿದ್ದರು. ಅಲ್ಲಿ ದೊಡ್ಡ ಸುಟ್ಟ ಕಲೆ ಇದೆ ಎಂದು ಕೆಲವರು, ಹಳೆಯ ಹುಡುಗಿಯ ಹೆಸರಿನ ಹಚ್ಚೆ ಇದೆ ಎಂದು ನರ್ಸುಗಳು. "ತೋರಿಸಿ ಡ್ರೆಸ್ಸರಣ್ಣ, ನಾವೇನ್ ಮನೇಲಿ ಹೇಳಲ್ಲ" ಎಂದು ಅವರು ಕಾಡಿದರೆ, "ತೋರ್ಸೂಕೆ ಅಲ್ಲಿ ಎಂತ ಇಲ್ಲ ಮಾರಾಯ್ತಿ" ಎನ್ನುತ್ತಿದ್ದರು.

ಗಾಯದ ಕೋಣೆಗೆ ಬಂದ ಪ್ರತಿಯೊಬ್ಬರಿಗೂ ಅವರದ್ದು ಒಂದೇ ಮೊದಲ ಪ್ರಶ್ನೆ: "ಉರಿಯೋ, ತುರಿಯೋ?"

ಅದಕ್ಕೆ ಬಂದ ಉತ್ತರವನ್ನು ಉದ್ದದ ರೂಲು ಪುಸ್ತಕವೊಂದರಲ್ಲಿ ಹೇಳಿದ ಹಾಗೆಯೇ ಬರೆಯುತ್ತಿದ್ದರು. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಎಲ್ಲಕ್ಕೂ 'ನೋವು' ಎಂಬ ಒಂದೇ ಪದ. ಇವರ ಪುಸ್ತಕದಲ್ಲಿ 'ಇರುವೆ ಸಾಲು ಹೋದ ಹಾಂಗೆ', 'ಒಳಗಿಂದ ಯಾರೋ ಸೂಜಿ ದಾಟಿಸಿದ ಹಾಂಗೆ', 'ಮೊದಲು ತಂಪು, ಆಮೇಲೆ ಬೆಂಕಿ' ಎಂದೆಲ್ಲ ಇರುತ್ತಿತ್ತು. "ಚರ್ಮಕ್ಕೆ ಎಂತ ತಾಗಿತು ಅಂತ ನರಕ್ಕೆ ಗೊತ್ತಿರ್ತದೆ ಸಾರ್. ಅದು ಹೇಳೂದು ಈ ಮಾತಲ್ಲೇ. ನಾವು ನೋವು ಅಂತ ಒಂದೇ ಬರೆದ್ರೆ ಅದು ಬಾಯಿ ಮುಚ್ಚಿಕೊಳ್ತದೆ."

ಈ ಬೆಟ್ಟಗಳಲ್ಲಿ ಜನ ಹೊಡೆದಾಡುವುದು ಕತ್ತಿಯಲ್ಲಿ ಎಂದು ಹೊರಗಿನವರು ಭಾವಿಸುತ್ತಾರೆ. ಕತ್ತಿ ಬರುವುದು ಕಡೆಗೆ. ಬೇಲಿ ಜಗಳದಲ್ಲಿ ಅಣ್ಣ ತಮ್ಮನ ಕಣ್ಣಿಗೆ ಖಾರದ ಪುಡಿ ಎರಚುತ್ತಾನೆ. ನೀರಿನ ಪೈಪಿನ ಜಗಳದಲ್ಲಿ ಒಬ್ಬಳು ಇನ್ನೊಬ್ಬಳ ಒಣಹಾಕಿದ ಬಟ್ಟೆಗೆ ನಸುಗುನ್ನಿ ಕಾಯಿಯ ತುರಿಸುವ ರೋಮ ಉದುರಿಸುತ್ತಾಳೆ. ಗಿಡಕ್ಕೆ ಹೊಡೆಯಲು ಕಲಸಿದ ಮೈಲುತುತ್ತದ ಬಕೆಟ್ಟನ್ನೇ ಬೆನ್ನ ಮೇಲೆ ಸುರಿದ ಪ್ರಕರಣವನ್ನು ನಾನೇ ವರದಿ ಮಾಡಿದ್ದೇನೆ. ಇವೆಲ್ಲ ಅವರ ಕೋಣೆಯ ಬೆಂಚಿನ ಮೇಲೆ ಬಂದು ಕೂರುತ್ತಿದ್ದವು.

ಒಮ್ಮೆ ಒಬ್ಬ ಮರಗೆಲಸದವನನ್ನು ಅವನ ಬಂಧುಗಳು ಹೊತ್ತು ತಂದರು. ಮುಖ, ಕತ್ತು, ಎದೆಯೆಲ್ಲ ಬೊಬ್ಬೆ, ಕಣ್ಣು ಮುಚ್ಚಿಹೋಗಿತ್ತು. ಹೆಂಡತಿ ಆ್ಯಸಿಡ್ ಸುರಿದಳು ಎಂದು ಕೂಗುತ್ತಿದ್ದರು. ಅವಳೂ ಹಿಂದೆಯೇ ಬಂದಿದ್ದಳು, ತುಟಿ ಒಡೆದಿತ್ತು, ಕೂದಲು ಒಬ್ಬನ ಮುಷ್ಟಿಯಲ್ಲಿತ್ತು. ಡ್ರೆಸ್ಸರ್ ಬೊಬ್ಬೆಗಳನ್ನು ಒಂದು ನಿಮಿಷ ನೋಡಿದರು.

"ಉರಿಯೋ, ತುರಿಯೋ?"

"ತುರಿ... ಸತ್ತೇ ಹೋಗೋ ತುರಿ" ಎಂದು ಅವನು ನರಳಿದ.

"ಮೂರು ದಿನದ ಹಿಂದೆ ಯಾವ ಮರ ಕಡಿದೆ ಮಾರಾಯ?"

ಅವನು ನೆನಪಿಸಿಕೊಂಡ. ತೊಲೆಗೆಂದು ಕಡಿದ ಮರದ ರಸ ಸಿಡಿದು ಅಂಗಿ ಕಪ್ಪಾಗಿತ್ತಂತೆ. "ಹೊಳಗೇರು" ಎಂದರು ಡ್ರೆಸ್ಸರ್, ಕೂದಲು ಹಿಡಿದಿದ್ದವನ ಮುಷ್ಟಿ ನೋಡುತ್ತ. "ಆ್ಯಸಿಡ್ ಆದ್ರೆ ಕೂಡ್ಲೆ ಸುಡ್ತದೆ, ಉರೀತದೆ. ಹೊಳಗೇರು ಎರಡು ಮೂರು ದಿನ ಕಾಯ್ತದೆ, ಆಮೇಲೆ ತುರೀತದೆ. ಬಿಡು ಅವಳ ಕೂದ್ಲು." ಅವನು ಬಿಟ್ಟ. ಡ್ರೆಸ್ಸರ್ ಗಂಡನಿಗಿಂತ ಮೊದಲು ಅವಳ ತುಟಿಗೆ ಹತ್ತಿ ಒತ್ತಿದರು. ಆ ದಿನ ಒಂದು ಪದ ಒಬ್ಬಳ ಜೀವ ಉಳಿಸಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಅವರ ಬಗ್ಗೆ ಇಂಥ ಇನ್ನೊಂದು ಕಥೆಯನ್ನೂ ಬಾಜಾರಿನಲ್ಲಿ ಕೇಳಿದ್ದೆ, ಬರೆಯುವಷ್ಟು ಖಚಿತವಿಲ್ಲ. ಖಚಿತವಾಗಿ ಗೊತ್ತಿರುವುದು ಗಿರಿಜಳ ಪ್ರಕರಣ. ಗಿರಿಜ ಅವಳ ನಿಜವಾದ ಹೆಸರಲ್ಲ.

ಗಿರಿಜ ಒಂದು ಎಸ್ಟೇಟಿನ ಆಳುಗಳ ಲೈನ್ ಮನೆಯಲ್ಲಿದ್ದು ಕೂಲಿ ಮಾಡುತ್ತಿದ್ದವಳು. ಕಾಳುಮೆಣಸು ಕೊಯ್ದು ಕಣದಲ್ಲಿ ಒಣಗಿಸುತ್ತಿದ್ದ ದಿನಗಳು. ಅವಳ ಬುತ್ತಿ ಡಬ್ಬಿಯಲ್ಲಿ ಕಾಳುಮೆಣಸು ಸಿಕ್ಕಿತು. ಹಾಜರಿ ಬರೆಯುವ ರೈಟರೂ ಆಳುಗಳ ಮೇಲ್ವಿಚಾರಣೆಯ ಮೇಸ್ತ್ರಿಯೂ ಸೇರಿ ಅವಳ ಎರಡೂ ಕೈಗಳಿಗೆ ಎಣ್ಣೆಯಲ್ಲಿ ಅರೆದ ಸೂಜಿಮೆಣಸು ಮೆತ್ತಿದರು. ಮೇಲೆ ಒದ್ದೆ ಗೋಣಿ ಸುತ್ತಿ ಸುತಲಿಯಿಂದ ಬಿಗಿದರು. ಕಣದ ಮೂಲೆಯ ಕಂಬಕ್ಕೆ ಒರಗಿಸಿ ನಿಲ್ಲಿಸಿದರು. ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ. ಉಳಿದ ಆಳುಗಳು ಅವಳ ಮುಂದೆಯೇ ಕಾಳು ಹರವಬೇಕಿತ್ತು. ಮೊದಲ ಗಂಟೆ ಅವಳು ಕಿರುಚಿದಳು, ಆಮೇಲೆ ಕಂಬಕ್ಕೆ ತಲೆ ಚಚ್ಚಿಕೊಂಡಳು, ಮಧ್ಯಾಹ್ನದ ಹೊತ್ತಿಗೆ ಧ್ವನಿ ಹೋಗಿತ್ತು. ಇದು ಅವಳ ಹೇಳಿಕೆ. ಎಸ್ಟೇಟಿನ ಹೇಳಿಕೆ ಬೇರೆ: ಅವಳು ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸದಲ್ಲಿದ್ದಳು, ಆ ಕೆಲಸದಲ್ಲಿ ಎಲ್ಲರ ಕೈಯೂ ಉರಿಯುತ್ತದೆ, ಕದ್ದು ಸಿಕ್ಕಿಬಿದ್ದ ಮೇಲೆ ನಾಟಕ ಶುರುಮಾಡಿದ್ದಾಳೆ.

ಮರುದಿನ ಜೊತೆಯ ಆಳುಗಳು ಜೀಪು ಹತ್ತಿಸಿ ಅವಳನ್ನು ಆಸ್ಪತ್ರೆಗೆ ತಂದರು. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಹೊಸಬರು. ಕೈ ಕೆಂಪಗಿತ್ತು, ಬೊಬ್ಬೆ ಇಲ್ಲ, ಸೀಳಿಲ್ಲ, ರಕ್ತವಿಲ್ಲ. 'ಹೊರಗಿನ ಗಾಯಗಳಿಲ್ಲ' ಎಂದು ಗಾಯದ ಪ್ರಮಾಣಪತ್ರದಲ್ಲಿ ಬರೆದರು. ಠಾಣೆಯಲ್ಲಿ ಅದನ್ನು ಓದಿ, "ಗಾಯ ಎಲ್ಲಮ್ಮ?" ಎಂದು ಕೇಳಿ ಕಳಿಸಿದರು. ದೂರು ದಾಖಲಾಗಲಿಲ್ಲ.

ಗಾಯದ ಕೋಣೆಯಲ್ಲಿ ನಡೆದ ಮಾತನ್ನು ಅಲ್ಲಿದ್ದ ನರ್ಸ್ ನನಗೆ ಹೇಳಿದ್ದು ಹೀಗೆ.

"ಕಾಳು ತಗೊಂಡಿದ್ಯಾ ಅಮ್ಮ?"

"ಹೂಂ. ಒಂದ್ ಹಿಡಿ. ಸಾರಿಗೆ."

"ಸರಿ. ಅದು ಅವರ ಪುಸ್ತಕಕ್ಕೆ. ನನ್ನ ಪುಸ್ತಕಕ್ಕೆ ಹೇಳು. ಉರಿಯೋ, ತುರಿಯೋ?"

ಗಿರಿಜ, "ಒಲೆ ಒಳಗೆ ಕೈ ಇಟ್ಟು ಯಾರೋ ಬಾಗ್ಲು ಹಾಕಿದ ಹಾಂಗೆ" ಎಂದಳಂತೆ.

ನಾನು ಮಾಡಿದ ತಪ್ಪು ಇಲ್ಲಿದೆ. ಎರಡೂ ಕಡೆಯ ಹೇಳಿಕೆ ಹಾಕಿ, ಪ್ರಮಾಣಪತ್ರದ ಸಾಲನ್ನು ತಲೆಬರಹಕ್ಕೆ ಎತ್ತಿ ಕಳಿಸಿದೆ: 'ಮಹಿಳೆಯ ಕೈಯಲ್ಲಿ ಗಾಯದ ಗುರುತಿಲ್ಲ'. ದಾಖಲೆಯಲ್ಲಿ ಇದ್ದದ್ದನ್ನೇ ಬರೆದಿದ್ದೆ. ಎಸ್ಟೇಟಿನವರು ಆ ತುಂಡನ್ನು ಕತ್ತರಿಸಿ ಆಫೀಸಿನ ಗೋಡೆಗೆ ಅಂಟಿಸಿದ್ದಾರೆ ಎಂದು ಆಮೇಲೆ ತಿಳಿಯಿತು.

ಸುದ್ದಿ ಬಂದ ದಿನ ಡ್ರೆಸ್ಸರ್ ಹೇಳಿಕಳಿಸಿದರು. ಹೋದೆ. ಮೇಜಿನ ಮೇಲೆ ಪೇಪರು ಬಿಡಿಸಿಟ್ಟಿದ್ದರು.

"ಇದು ನಿಮ್ದೇ ಅಲ್ವಾ ಸಾರ್?"

"ಹೌದು. ವರದಿಯಲ್ಲಿ ಹಾಗೇ ಇದೆ."

"ತಪ್ಪು ಅಂತ ನಾನೆಲ್ಲಿ ಹೇಳ್ದೆ? ಕೈ ಕೊಡಿ."

ಸ್ಟೀಲ್ ತಟ್ಟೆಯಲ್ಲಿ ಮೂರು ನಾಲ್ಕು ಸೂಜಿಮೆಣಸನ್ನು ಬಾಟಲಿಯ ತಳದಿಂದ ಜಜ್ಜಿ, ಎರಡು ತೊಟ್ಟು ಕೊಬ್ಬರಿ ಎಣ್ಣೆ ಬೆರೆಸಿ, ನನ್ನ ಮುಂಗೈಯ ಒಳಬದಿಗೆ ರೂಪಾಯಿ ನಾಣ್ಯದಷ್ಟು ಅಗಲ ಹಚ್ಚಿದರು. ಮೇಲೆ ಗಾಜ್ ಬಟ್ಟೆ ಅಂಟಿಸಿ ಗೋಡೆ ಗಡಿಯಾರ ನೋಡಿದರು.

ಐದು ನಿಮಿಷ ಏನೂ ಆಗಲಿಲ್ಲ. "ಇಷ್ಟೇನಾ?" ಎಂದೆ. ಅವರು ನಕ್ಕರು. ಹತ್ತು ನಿಮಿಷಕ್ಕೆ ಬೆಚ್ಚಗಾಯಿತು. ಹದಿನೈದಕ್ಕೆ ನಾನು ಎದ್ದು ನಿಂತಿದ್ದೆ. ಅವರು ಬಾಲ್ ಪೆನ್ ತೆರೆದು ಕೂತರು. "ಎಂಥ ಉರಿ ಹೇಳಿ. ಬರೆಯೂರು ನೀವು, ಒಂದು ಒಳ್ಳೇ ಮಾತು ಕೊಡಿ." ನಾನು ಹಲ್ಲು ಕಚ್ಚಿ, "ತೆಗೀರಿ ಮಾರ್ರೆ" ಎಂದೆ. ಅದನ್ನೇ ಬರೆದುಕೊಂಡರು. ಇಪ್ಪತ್ತು ನಿಮಿಷ ಮುಗಿಯುವ ತನಕ ತೆಗೆಯಲಿಲ್ಲ. ನೀರು ಹಾಕಲು ಹೋದ ನನ್ನ ಕೈ ತಡೆದು, ಮೊದಲು ಎಣ್ಣೆಯಲ್ಲಿ ಒರೆಸಿ, ಆಮೇಲೆ ಸೋಪು ಹಚ್ಚಿ ತೊಳೆದರು. "ಖಾರ ನೀರಿಗೆ ಬಿಡಲ್ಲ. ಎಣ್ಣೆಗೆ ಬಿಡ್ತದೆ."

ಅವರು ಆಗ ಹೇಳಿದ್ದನ್ನು ನಾನು ಟಿಪ್ಪಣಿ ಮಾಡಿಕೊಂಡಿದ್ದೇನೆ. ಚರ್ಮದೊಳಗಿನ ನರದ ತುದಿಯಲ್ಲಿ ಬಿಸಿಗೆಂದೇ ಒಂದು ಬಾಗಿಲು. ಬೆಂಕಿ ತಾಗಿದರೆ ಅದು ತೆರೆಯುತ್ತದೆ, ಸುಡುತ್ತಿದೆ ಎಂದು ತಲೆಗೆ ಕೂಗುತ್ತದೆ. ಮೆಣಸಿನ ಖಾರಕ್ಕೆ ಅದೇ ಬಾಗಿಲಿನ ಚಿಲಕ ತೆಗೆಯಲು ಗೊತ್ತು. ಬೆಂಕಿ ಇರುವುದಿಲ್ಲ, ಸುಟ್ಟ ಮಾಂಸ ಇರುವುದಿಲ್ಲ, ಆದರೆ ನರಕ್ಕೆ ಅದು ಬೆಂಕಿಯೇ. ಸುಳ್ಳು ಬೆಂಕಿ ಎಂದು ಅದಕ್ಕೆ ತಿಳಿಯುವುದಿಲ್ಲ. ತುಂಬ ಹೊತ್ತು ಬಾಗಿಲು ಬಡಿದರೆ ಕೂಗಿ ಕೂಗಿ ನರ ಸೋತು ಸುಮ್ಮನಾಗುತ್ತದೆ. "ಆಗ ನಿಜವಾದ ಬೆಂಕಿ ಬಂದ್ರೂ ಹೇಳಲ್ಲ" ಎಂದರು.

ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಉರಿ ಇಳಿಯತೊಡಗಿತ್ತು, ಕೆಂಪೂ ತಿಳಿಯಾಗಿತ್ತು. ಇನ್ನೊಂದು ಗಂಟೆಗೆ ಚರ್ಮ ಮೊದಲಿನಂತೆ.

"ಈಗ ಸ್ಟೇಷನ್ನಿಗೆ ಹೋಗಿ ಸಾರ್, ಡ್ರೆಸ್ಸರ್ ನನ್ನ ಕೈ ಸುಟ್ಟ ಅಂತ ಕಂಪ್ಲೇಂಟ್ ಕೊಡಿ. ಗಾಯ ಎಲ್ಲಿ ಅಂತ ಕೇಳ್ತಾರೆ. ನಾಳೆ ಪೇಪರಲ್ಲಿ ಬರ್ತದೆ, ಪತ್ರಕರ್ತರ ಕೈಯಲ್ಲಿ ಗುರುತಿಲ್ಲ ಅಂತ."

ಆ ಸಂಜೆ ಸ್ನಾನಕ್ಕೆ ಬೆಚ್ಚಗಿನ ನೀರು ಹೊಯ್ದುಕೊಂಡಾಗ ಆ ನಾಣ್ಯದಗಲ ಜಾಗ ಮತ್ತೆ ಹೊತ್ತಿಕೊಂಡಿತು. ಚೊಂಬು ಕೈಯಿಂದ ಬಿತ್ತು. ನನ್ನದು ಇಪ್ಪತ್ತು ನಿಮಿಷ, ಒಂದು ನಾಣ್ಯ. ಗಿರಿಜಳದ್ದು ಏಳು ಗಂಟೆ, ಎರಡು ಕೈ.

ಅದಾಗಿ ವಾರದೊಳಗೆ ಗಿರಿಜ ಮತ್ತೆ ಬಂದಳು. ಈ ಸಲ ಗಾಯವಿತ್ತು. ರೊಟ್ಟಿ ಬೇಯಿಸುವಾಗ ಕಾದ ಹಂಚಿನ ಮೇಲೆ ಮುಂಗೈ ಊರಿದ್ದಳು. ಸುಟ್ಟ ವಾಸನೆ ಬಂದ ಮೇಲೆ ನೋಡಿದಳಂತೆ. "ಉರಿ ನಿಂತಿದೆ ಡ್ರೆಸ್ಸರಣ್ಣ, ಈಗ ಎಂತದೂ ಗೊತ್ತಾಗಲ್ಲ" ಎಂದು ಸಮಾಧಾನದಲ್ಲೇ ಹೇಳಿದಳು. ಎಸ್ಟೇಟಿನವರು ಅಷ್ಟರಲ್ಲೇ ಶುರು ಮಾಡಿದ್ದರು: ನೋಡಿ, ಈಗ ತಾನೇ ಸುಟ್ಟುಕೊಂಡು ನಮ್ಮ ಮೇಲೆ ಹಾಕುತ್ತಾಳೆ.

ನಾನು ಆ ದಿನ ಕೋಣೆಯಲ್ಲಿದ್ದೆ. ಸುಟ್ಟ ಜಾಗಕ್ಕೆ ಬಟ್ಟೆ ಕಟ್ಟಿದ ಮೇಲೆ ಡ್ರೆಸ್ಸರ್ ಅವಳಿಗೆ ಕಣ್ಣು ಮುಚ್ಚಲು ಹೇಳಿದರು. ಬಿಸಿನೀರಿನಲ್ಲಿ ಅದ್ದಿದ ಚಮಚವನ್ನು ಮೊಣಕೈಯಿಂದ ಕೆಳಕ್ಕೆ ಒಂದೊಂದೇ ಬೆರಳಗಲ ಇಳಿಸುತ್ತ ಬಂದರು.

"ಬಿಸಿ?"

"ಬಿಸಿ."

"ಈಗ?"

"ಬಿಸಿ."

"ಈಗ?"

"ಚಮಚ ತಾಗ್ತದೆ. ಬಿಸಿ ಇಲ್ಲ."

ಅಲ್ಲೊಂದು ನೀಲಿ ಚುಕ್ಕೆ ಇಟ್ಟರು. ಕೈಯ ಸುತ್ತ ಹೀಗೆಯೇ ಹೋದರು. ಎರಡೂ ಕೈಗೆ ಮಾಡಿದರು. ಮುಗಿದಾಗ ಎರಡು ಕೈಗಳಲ್ಲೂ, ಬಳೆ ತೊಡಿಸಿದಂತೆ, ಒಂದೇ ಎತ್ತರದಲ್ಲಿ ಚುಕ್ಕೆಗಳ ನೇರ ಗೆರೆ ಇತ್ತು. ಅದರ ಮೇಲೆ ಚರ್ಮಕ್ಕೆ ಬಿಸಿ ಗೊತ್ತು. ಕೆಳಗೆ ಗೊತ್ತಿಲ್ಲ. ತೊಟ್ಟು ಮುರಿಯುವವರ ಉರಿ ಬೆರಳಲ್ಲಿರುತ್ತದೆ, ಅಲ್ಲಲ್ಲಿ ಚೆಲ್ಲಿರುತ್ತದೆ. ಅದು ಮುಂಗೈ ಹತ್ತಿ ಸ್ಕೇಲ್ ಇಟ್ಟ ಹಾಗೆ ನಿಲ್ಲುವುದಿಲ್ಲ.

ನನಗೆ ಉತ್ಸಾಹವಾಯಿತು, ಮೊಬೈಲಿನಲ್ಲಿ ಫೋಟೊ ತೆಗೆದೆ. ಡ್ರೆಸ್ಸರ್ ಗಿರಿಜಳ ಮೊಣಕೈಗೂ ಆ ಗೆರೆಗೂ ನಡುವೆ ತಮ್ಮ ಬಲಗೈಯ ಬೆರಳುಗಳನ್ನು ಅಡ್ಡವಿಟ್ಟು ಅಳೆದರು. ನಾಲ್ಕು ಬೆರಳು. ಇನ್ನೊಂದು ಕೈಗೆ ಅಳೆದರು. ನಾಲ್ಕು. ಆಮೇಲೆ ಪೆನ್ನಿನ ಮುಚ್ಚಳ ಹಾಕದೆ, ತಮ್ಮ ಎಡತೋಳಿನ ಗುಂಡಿಯನ್ನು ಹಿಡಿದುಕೊಂಡು ತುಂಬ ಹೊತ್ತು ಕೂತರು. ದಣಿದಿದ್ದಾರೆ ಎಂದುಕೊಂಡೆ.

ಅವರೇ ಹೋಗಿ ಡಾಕ್ಟರಮ್ಮನನ್ನು ಕರೆತಂದರು. ಆಕೆ ಪಿನ್ನು ತಂದು ತಾವೇ ಚುಚ್ಚಿ ನೋಡಿದರು, ಗೆರೆ ಅಲ್ಲಾಡಲಿಲ್ಲ. ಪ್ರಮಾಣಪತ್ರಕ್ಕೆ ಹೆಚ್ಚುವರಿ ಅಭಿಪ್ರಾಯ ಸೇರಿಸಿದರು. ಹಾಗೆ ಮಾಡಲು ಧೈರ್ಯ ಬೇಕಿತ್ತು ಎಂಬುದನ್ನೂ ಇಲ್ಲಿ ದಾಖಲಿಸಬೇಕು. ಫೋಟೊ ಅಚ್ಚಾಯಿತು. ಜಿಲ್ಲೆಯಿಂದ ಒಬ್ಬ ಅಧಿಕಾರಿಯನ್ನು ವಿಚಾರಣೆಗೆ ನೇಮಿಸಿದರು. ಅವರ ವರದಿಯ ಮೇಲೆ ಪೊಲೀಸ್ ಕೇಸು ಆಗುವುದೋ ಇಲ್ಲವೋ ಎಂಬುದು ನಿಂತಿತ್ತು. ಗಿರಿಜಳನ್ನು ಅಷ್ಟರಲ್ಲಿ ಲೈನ್ ಮನೆಯಿಂದ ಹೊರಗೆ ಹಾಕಿದ್ದರು. ಕದ್ದವಳು, ಸುಳ್ಳಿ ಎಂಬ ಎರಡು ಹೆಸರು ಹೊತ್ತವಳಿಗೆ ಬೇರೆ ಯಾವ ಎಸ್ಟೇಟೂ ಕೆಲಸ ಕೊಡುತ್ತಿರಲಿಲ್ಲ.

ವಿಚಾರಣೆಗೆ ಎರಡು ದಿನ ಮೊದಲು, ಮಧ್ಯಾಹ್ನ, ಬಸ್ ಸ್ಟ್ಯಾಂಡಿನಲ್ಲಿ ಜೀಪಿನಿಂದ ಇಳಿದ ಇಬ್ಬರು ಡ್ರೆಸ್ಸರನ್ನು ಟಿಕೆಟ್ ಕೌಂಟರಿನ ಗೋಡೆಗೆ ಒತ್ತಿ ಹಿಡಿದರು. ಒಬ್ಬ ಹೊಟ್ಟೆಗೆ ಮೊಣಕಾಲಿನಿಂದ ಗುದ್ದಿದ. ಇನ್ನೊಬ್ಬ ಮುಷ್ಟಿ ತುಂಬ ಖಾರದ ಪುಡಿ ಕಣ್ಣಿಗೂ ಮೂಗಿಗೂ ತಿಕ್ಕಿದ. ತಲೆಯನ್ನು ಗೋಡೆಗೆ ಎರಡು ಸಲ ಬಡಿದು, "ನರ ನೋಡ್ತೀಯ ನರ, ನೋಡು ಈಗ" ಎಂದ. ಬಸ್ಸಿಗೆ ಕಾಯುತ್ತಿದ್ದವರು ನೋಡುತ್ತ ನಿಂತರು. ಜೀಪು ಹೋದ ಮೇಲೆ ಚಹಾದಂಗಡಿಯವ ಹಾಲಿನ ಪಾತ್ರೆ ತಂದ. ನಾನು ತಲುಪಿದಾಗ ಡ್ರೆಸ್ಸರ್ ಕಟ್ಟೆಯ ಮೇಲೆ ಕೂತು ಹಾಲಿನಲ್ಲಿ ಮುಖ ತೊಳೆಯುತ್ತಿದ್ದರು. ಹುಬ್ಬು ಒಡೆದು ಹಾಲು ಕೆಂಪಾಗಿತ್ತು. ನನ್ನ ಧ್ವನಿ ಕೇಳಿ ತಲೆ ಎತ್ತಿದರು.

"ಹೋದ ವರ್ಷದ ಪುಡಿ ಸಾರ್. ಅರ್ಧ ಖಾರ ಹೋಗಿದೆ. ಹೊಸದು ತರೂಕೂ ಯೋಗ್ಯತೆ ಇಲ್ಲ ನನ್ಮಕ್ಳಿಗೆ."

ವಿಚಾರಣೆ ಪ್ರವಾಸಿ ಮಂದಿರದ ಸಭಾಂಗಣದಲ್ಲಿ ನಡೆಯಿತು. ಅಧಿಕಾರಿ, ಬರೆದುಕೊಳ್ಳುವ ಗುಮಾಸ್ತ, ಎಸ್ಟೇಟಿನ ಪರ ವಕೀಲರು. ಒಂದು ಬದಿ ರೈಟರ್ ಮತ್ತು ಮೇಸ್ತ್ರಿ, ಇನ್ನೊಂದು ಬದಿ ಗಿರಿಜ. ಡಾಕ್ಟರಮ್ಮ ತಮ್ಮ ಅಭಿಪ್ರಾಯ ಹೇಳಿದರು. ಬಿಸಿ, ನೋವು ಗೊತ್ತಾಗದಿರುವುದಕ್ಕೆ ಬೇರೆ ಕಾರಣಗಳೂ ಇರಬಹುದೇ ಎಂದು ವಕೀಲರು ಕೇಳಿದಾಗ, ಇರಬಹುದು ಎಂದು ಪ್ರಾಮಾಣಿಕವಾಗಿಯೇ ಒಪ್ಪಿದರು. ಉಳಿದದ್ದು ಡ್ರೆಸ್ಸರ್. ಹುಬ್ಬಿಗೆ ಪಟ್ಟಿ ಹಾಕಿಕೊಂಡು ಬಂದಿದ್ದರು.

"ನೀವು ಡಾಕ್ಟರಾ?" ವಕೀಲರು ಕೇಳಿದರು.

"ಅಲ್ಲ ಸ್ವಾಮಿ."

"ನರದ ಬಗ್ಗೆ ಎಲ್ಲಾದರೂ ಓದಿದೀರಾ?"

"ಇಲ್ಲ."

"ಮತ್ತೆ ಮೆಣಸು ಕಟ್ಟಿದ್ದರಿಂದಲೇ ಹೀಗಾಗಿದೆ ಅಂತ ಹೇಗೆ ಹೇಳ್ತೀರಿ? ಕನಸು ಬಿತ್ತಾ?"

ರೈಟರ್ ನಕ್ಕ. ಡ್ರೆಸ್ಸರ್ ಎಡತೋಳಿನ ಗುಂಡಿ ಬಿಚ್ಚಿದರು. ಅಂಗಿಯನ್ನು ಮೊಣಕೈ ತನಕ ಏರಿಸಿ, ಕೈಯನ್ನು ಅಧಿಕಾರಿಯ ಮೇಜಿನ ಮೇಲೆ ಚಾಚಿದರು. ನಾನು ಕುರ್ಚಿಯಿಂದ ಅರ್ಧ ಎದ್ದು ನೋಡಿದೆ. ಕಲೆ ಇರಲಿಲ್ಲ. ಹಚ್ಚೆ ಇರಲಿಲ್ಲ. ವಯಸ್ಸಾದ ಒಬ್ಬ ಮನುಷ್ಯನ ಸಾದಾ ಮುಂಗೈ. ಇಷ್ಟು ವರ್ಷ ಅವರು ಮುಚ್ಚಿಕೊಂಡಿದ್ದು ಅಲ್ಲಿ ಏನೂ ಇಲ್ಲ ಎಂಬುದನ್ನು.

"ಮಾಡಿ ನೋಡಿದೀನಿ ಸ್ವಾಮಿ. ಮೊದಲು ಈ ಕೈ ಮೇಲೆ."

ವಕೀಲರು ಕೂರಲು ಹೊರಟವರು ನಿಂತರು. ಒಳ್ಳೆಯ ವಕೀಲರಿಗೆ ಇರುವ ಕಿವಿ ಅವರಿಗಿತ್ತು.

"ಮೊದಲು ಅಂದ್ರೆ?"

ಡ್ರೆಸ್ಸರ್ ಆ ಪದವನ್ನು ಬೇಕೆಂದೇ ಹೇಳಿದರೋ, ಬಾಯಿ ತಪ್ಪಿ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಹಿಂದೆ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ.

"ಆಮೇಲೆ ಇನ್ನೊಬ್ಬನ ಮೇಲೆ. ಸರಕಾರಿ ಕೆಲಸಕ್ಕೆ ಸೇರೂಕೆ ಮುಂಚೆ ನಾನು ಕಳಸದ ಕಡೆ ಒಂದು ಎಸ್ಟೇಟಿನ ಡಿಸ್ಪೆನ್ಸರೀಲಿ ಇದ್ದೆ. ಆಳುಗಳಿಗೆ ಹೊಡೆದ್ರೆ ಗುರುತು ಬೀಳ್ತದೆ, ಕೇಸಾಗ್ತದೆ, ಗುರುತು ಬೀಳದ ಹಾಂಗೆ ಬುದ್ಧಿ ಕಲಿಸೂದು ಹೆಂಗೆ ಅಂತ ಅಲ್ಲಿಯ ಮ್ಯಾನೇಜರ್ ಕೇಳಿದ್ರು. ನನಗೆ ಆಗ ಇಪ್ಪತ್ತೆರಡು. ದೊಡ್ಡವರು ನನ್ನ ಹತ್ರ ಒಂದು ಪ್ರಶ್ನೆ ಕೇಳಿದ್ರಲ್ಲ ಅಂತ ಖುಷಿ ಆಯ್ತು. ಈ ಕೈಗೆ ಮೆಣಸು ಹಚ್ಚಿ, ಗೋಣಿ ಕಟ್ಟಿ, ಗುರುತು ಉಳಿಯಲ್ಲ ಅಂತ ಖಾತ್ರಿ ಮಾಡ್ಕೊಂಡೆ. ಮಾರನೇ ವಾರ ಒಬ್ಬ ಆಳಿಗೆ ನಾನೇ ಕಟ್ಟಿದೆ."

ಗುಮಾಸ್ತನ ಪೆನ್ನು ನಿಂತಿತ್ತು. ಬರೆಯಿರಿ ಎಂದು ಅಧಿಕಾರಿ ಸನ್ನೆ ಮಾಡಿದರು.

"ಮಣಿಕಟ್ಟಿಗೆ ಕಟ್ಟಿದ್ರೆ ಸುತಲಿ ಜಾರ್ತದೆ. ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಕಟ್ಟಿದ್ರೆ ಜಾರಲ್ಲ. ಒದ್ದೆ ಗೋಣಿ ಆದ್ರೆ ದಾರದ ಗುರುತೂ ಬೀಳಲ್ಲ. ಅದು ನಾನು ಹೇಳಿಕೊಟ್ಟಿದ್ದು. ಆವತ್ತು ಆ ಆಳನ್ನು ಹಿಡ್ಕೊಂಡಿದ್ದು ಈ ಮೇಸ್ತ್ರಿಯ ಅಪ್ಪ." ಅವರು ಮೊದಲ ಬಾರಿಗೆ ಚರ್ಮ ಬಿಟ್ಟು ಒಬ್ಬರ ಮುಖ ನೋಡಿದರು. ಮೇಸ್ತ್ರಿ ತಲೆ ತಗ್ಗಿಸಿದ. "ಈ ಹೆಂಗಸಿನ ಕೈ ಮೇಲೆ ಚುಕ್ಕೆ ಇಡ್ತಾ ಬಂದೆ. ಗೆರೆ ಪೂರ್ತಿ ಆದಾಗ ಗೊತ್ತಾಯ್ತು. ಈ ಕಟ್ಟು ನಂದು."

ವಕೀಲರು ಫೈಲು ಮುಚ್ಚಿ ಕೂತರು.

ಹೊರಗೆ ಜಗಲಿಯಲ್ಲಿ ಗಿರಿಜ ಕಾಯುತ್ತಿದ್ದಳು. "ನೀವಾ?" ಎಂದಳು. "ಹೌದಮ್ಮ" ಎಂದರು. ಅವಳು ಬಲಗೈ ಬೀಸಿ ಅವರ ಕೆನ್ನೆಗೆ ಹೊಡೆದಳು. ಹುಬ್ಬಿನ ಪಟ್ಟಿ ಕಿತ್ತುಬಂದು ರಕ್ತ ಇಳಿಯಿತು. ಇನ್ನೊಂದು ಹೊಡೆದಳು. ಪೊಲೀಸ್ ಪೇದೆ ಅಡ್ಡ ಬಂದರೆ ಡ್ರೆಸ್ಸರ್ ಅವನನ್ನು ಪಕ್ಕಕ್ಕೆ ಸರಿಸಿದರು. ಅವಳು ತಾನೇ ನಿಲ್ಲಿಸಿ, ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ ನನಗೆ ಹೇಳಿದಳು: "ಅಷ್ಟು ಜೋರಾಗಿ ಹೊಡೆದೆ ಸಾರ್, ನನ್ನ ಕೈ ಉರೀಲೇ ಇಲ್ಲ. ಅದೇ ಬೇಜಾರು."

ಕೇಸು ದಾಖಲಾಯಿತು. ರೈಟರ್ ಮತ್ತು ಮೇಸ್ತ್ರಿಯನ್ನು ಬಂಧಿಸಿದರು, ಜಾಮೀನಾಯಿತು, ಮೊಕದ್ದಮೆ ಇನ್ನೂ ನಡೆಯುತ್ತಿದೆ. ಡ್ರೆಸ್ಸರಿಗೆ ಇಲಾಖೆಯ ನೋಟಿಸ್ ಬಂತು, ಉತ್ತರ ಕೊಟ್ಟರು. ಹಳೆಯ ಆಳಿನ ಹೆಸರನ್ನು ಅವರೇ ಕೊಟ್ಟಿದ್ದರು. ನಾನು ಹುಡುಕಿದೆ, ಆ ಎಸ್ಟೇಟೂ ಕೈ ಬದಲಾಗಿತ್ತು, ಅವನು ಸಿಗಲಿಲ್ಲ. ವಿಚಾರಣೆಯ ದಿನ ವರದಿ ಬರೆಯಲು ನಾನು ಕೂರುವ ಮುಂಚೆ ಡ್ರೆಸ್ಸರ್ ಫೋನ್ ಮಾಡಿದರು. "ಡ್ರೆಸ್ಸರ್ ಒಬ್ಬ ಅಂತ ಬರೀಬೇಡಿ ಸಾರ್. ಹೆಸರು ಹಾಕಿ." ಹಾಕಿದೆ. ಇಲ್ಲಿ ಬಿಟ್ಟಿರುವುದು ಗಿರಿಜಳ ಮಾತಿಗೆ. ಇದನ್ನು ಬರೆಯಲು ಅವಳ ಅನುಮತಿ ಕೇಳಿದಾಗ, "ಬರೀರಿ. ನನ್ನ ವಿಷಯ ಇರೂ ಕಡೆ ಅವ್ರ ಹೆಸರು ಬೇಡ" ಎಂದಳು.

ಆದರೂ ಹಂಚಿನ ಸುಟ್ಟಗಾಯಕ್ಕೆ ಬಟ್ಟೆ ಬದಲಿಸಲು ಅವಳು ಬರಲೇಬೇಕಿತ್ತು, ಅಲ್ಲಿ ಬೇರೆ ಡ್ರೆಸ್ಸರ್ ಇರಲಿಲ್ಲ. ಬಂದು ಬೆಂಚಿನ ಮೇಲೆ ಕೂತು, ಎರಡೂ ಕೈ ಮುಂದಕ್ಕೆ ಚಾಚಿ, ಮುಖವನ್ನು ಕಿಟಕಿಯ ಕಡೆ ತಿರುಗಿಸುತ್ತಿದ್ದಳು. ಅವರು ಬಟ್ಟೆ ಬದಲಿಸಿ, ಚಮಚ ಅದ್ದಿ, ಕೇಳುತ್ತಿದ್ದರು. "ಬಿಸಿ?" ಅವಳು ಉತ್ತರಿಸುತ್ತಿರಲಿಲ್ಲ. ಗೊತ್ತಾದ ಕಡೆ ತಲೆ ಆಡಿಸುತ್ತಿದ್ದಳು, ಗೊತ್ತಾಗದ ಕಡೆ ಸುಮ್ಮನಿರುತ್ತಿದ್ದಳು. ಅವರು ಚುಕ್ಕೆ ಇಡುತ್ತಿದ್ದರು. ವಾರದಿಂದ ವಾರಕ್ಕೆ ಗೆರೆ ಮಣಿಕಟ್ಟಿನ ಕಡೆ ಇಳಿಯುತ್ತ ಹೋಯಿತು. ನರ ತಾನಾಗಿ ಮರಳಿ ಬೆಳೆಯುತ್ತದೆ, ಅದಕ್ಕೆ ಮದ್ದಿಲ್ಲ, ಕಾಯಬೇಕು ಎಂದು ಅವರು ನನಗೆ ಹೇಳಿದ್ದರು.

ಅವರ ನಿವೃತ್ತಿಯ ವಾರ ನಾನು ಆ ಕೋಣೆಯಲ್ಲಿದ್ದೆ. ಸುಟ್ಟಗಾಯ ಪೂರ್ತಿ ಮಾಗಿತ್ತು, ಬರುವ ಅಗತ್ಯವಿರಲಿಲ್ಲ. ಗಿರಿಜ ಬಂದಳು. ಕೂತಳು, ಅಂಗೈ ಮೇಲೆ ಮಾಡಿ ಚಾಚಿದಳು, ಕಿಟಕಿ ನೋಡಿದಳು. ಡ್ರೆಸ್ಸರ್ ಚಮಚವನ್ನು ಬಿಸಿನೀರಿಗೆ ಅದ್ದಿ ಅವಳ ಬಲ ಅಂಗೈಗೆ ತಾಗಿಸಿದರು. ಅವಳ ಕೈ ಹಾರಿತು. ಎಡಗೈಗೆ ತಾಗಿಸಿದರು. ಅದೂ ಹಾರಿತು.

ಅವರು ಪುಸ್ತಕ ತೆರೆದು, ಪೆನ್ನು ಹಿಡಿದು, ಅಭ್ಯಾಸದಂತೆ ಕೇಳಿದರು. "ಉರಿಯೋ, ತುರಿಯೋ?"

ಗಿರಿಜ ಕಿಟಕಿಯಿಂದ ಮುಖ ತಿರುಗಿಸಿ ಅವರನ್ನು ನೋಡಿದಳು. ಜಗಲಿಯ ಆ ದಿನದ ನಂತರ ಅವರಿಗೆ ಅವಳು ಆಡಿದ ಮಾತು ಅದೊಂದೇ.

"ಉರೀತದೆ."

ಅವರು ಅದನ್ನು ಬರೆದುಕೊಂಡರು. ಅವಳು ಎದ್ದು ಹೋದಳು. ಪುಸ್ತಕ ಈಗ ನನ್ನ ಬಳಿ ಇದೆ. ಅದರ ಕೊನೆಯ ಸಾಲು ಅದೇ.